ಕ್ಯಾಲೆಂಡರ್ ದಿನಾಂಕದಿಂದ ಜಿಪಿಎಸ್ ವಾರಕ್ಕೆ: 18 ಸೆಕೆಂಡ್ ಎಲ್ಲಿ ಹೋಯಿತು, ಒಂದು ವಾರ ಹೇಗೆ ಹೆಚ್ಚಾಯಿತು?

ಡ್ರೋನ್_ನಕ್ಷೆ
ಎಲ್ಲರಿಗೂ ನಮಸ್ಕಾರ. ಡ್ರೋನ್ ಕ್ಯಾಮೆರಾ ತೆಗೆದ ಚಿತ್ರಗಳ ಮೇಲೆ ಸ್ಥಳೀಯ ಸಮಯ ದಾಖಲಾಗಿದೆ. ನೆಲದ ಮೇಲಿಟ್ಟ ರಿಸೀವರ್ ಬರೆಯುವುದು ಜಿಪಿಎಸ್ ವಾರ (1980ರಿಂದ ಎಣಿಸಿದ ವಾರಗಳ ಸಂಖ್ಯೆ), ವಾರದ ಸೆಕೆಂಡ್ (ಆ ವಾರ ಶುರುವಾದ ಮೇಲೆ ಕಳೆದ ಸೆಕೆಂಡ್) ಎಂಬ ಎರಡೇ ಸಂಖ್ಯೆಗಳನ್ನು. ಇವೆರಡನ್ನೂ ಹೊಂದಿಸಲು ತಂಡದಲ್ಲಿ ಮೊದಲಿನಿಂದಲೂ ಒಂದು ಎಕ್ಸೆಲ್ ಹಾಳೆ ಕೈಯಿಂದ ಕೈಗೆ ಬಂದಿದೆ. ಅದರ ಪ್ರಕಾರ ಹೋದರೆ ಚಿತ್ರಗಳೆಲ್ಲ ಹಾರಾಟದ ಸಾಲಿನಲ್ಲಿ ಹಿಂದಕ್ಕೆ ಸರಿದು ಕೂರುತ್ತವೆ. ರಾತ್ರಿ ತೆಗೆದ ಉಷ್ಣ ಚಿತ್ರಗಳ ವಿಷಯದಲ್ಲಂತೂ ವಾರವೇ ಬೇರೆ ಬರುತ್ತದೆ.

ಒಂದು ಸಾಲು ಕೊಡುತ್ತೇನೆ. ಸ್ಥಳೀಯ ಸಮಯ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಐದೂವರೆ ಗಂಟೆ ಮುಂದೆ. ಚಿತ್ರದ ಸಮಯ 2024ರ ಮಾರ್ಚ್ 10, ಬೆಳಗಿನ ಜಾವ 02:15:00. ಹಾಳೆಯ ಉತ್ತರ: ವಾರ 2305, ಸೆಕೆಂಡ್ 593100. ಅದೇ ಕ್ಷಣಕ್ಕೆ ರಿಸೀವರ್ ಬರೆದದ್ದು: ವಾರ 2304, ಸೆಕೆಂಡ್ 593118. ಯಾರನ್ನು ನಂಬಬೇಕು?

ಸಮಯಪಾಲಕ
ರಿಸೀವರನ್ನು ನಂಬಿ. ಹಾಳೆಯಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಎರಡನ್ನೂ ಒಂದೇ ಎಂದುಕೊಂಡರೆ ಬಿಡಿಸಲಾಗುವುದಿಲ್ಲ.

ಮೊದಲನೆಯದು 18 ಸೆಕೆಂಡ್. ಜಿಪಿಎಸ್ ಕಾಲಮಾನ 1980ರ ಜನವರಿ 6ರ ಶೂನ್ಯ ಗಂಟೆಗೆ ಯುಟಿಸಿಯೊಂದಿಗೆ ಸರಿಹೊಂದಿಸಿ ಶುರುವಾಯಿತು. ಆಮೇಲೆ ಯುಟಿಸಿಗೆ ಭೂಮಿಯ ತಿರುಗುವಿಕೆಯೊಂದಿಗೆ ಹೆಜ್ಜೆ ಹಾಕಲು ಆಗಾಗ ಒಂದೊಂದು ಲೀಪ್ ಸೆಕೆಂಡ್ ಸೇರಿಸುತ್ತ ಹೋದರು. ಜಿಪಿಎಸ್ ಅದರ ಗೊಡವೆಗೆ ಹೋಗದೆ ಎಣಿಸುತ್ತಲೇ ಇದೆ. 1981ರಿಂದ 2016ರ ಡಿಸೆಂಬರ್ ಕೊನೆಯವರೆಗೆ ಅಂಥ 18 ಸೆಕೆಂಡ್ ಸೇರಿವೆ. ಹಾಗಾಗಿ ಈಗ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದೆ. ನಿಮ್ಮ ಡ್ರೋನ್ ಸೆಕೆಂಡಿಗೆ 10 ಮೀಟರ್ ಹಾರುತ್ತಿದ್ದರೆ ಚಿತ್ರ 180 ಮೀಟರ್ ಹಿಂದೆ ಬೀಳುವುದು ಸಹಜ.

ಎರಡನೆಯದು ವಾರ. 2024ರ ಮಾರ್ಚ್ 10 ಭಾನುವಾರ. ಆದರೆ 02:15ರಿಂದ ಐದೂವರೆ ಗಂಟೆ ಕಳೆದರೆ ಯುಟಿಸಿಯಲ್ಲಿ ಮಾರ್ಚ್ 9, ಶನಿವಾರ 20:45. ಜಿಪಿಎಸ್ ವಾರ ಶುರುವಾಗುವುದು ಶನಿವಾರ–ಭಾನುವಾರದ ನಡುವಿನ ಮಧ್ಯರಾತ್ರಿಗೆ. ಹಾಗಾಗಿ ಅದು ಹಿಂದಿನ ವಾರ, 2304. ನಿಮ್ಮ ಹಾಳೆ ಸೆಕೆಂಡ್‌ಗಳನ್ನು ಯುಟಿಸಿಯಿಂದ ತೆಗೆದು, ವಾರವನ್ನು ಮಾತ್ರ ಸ್ಥಳೀಯ ದಿನಾಂಕದಿಂದ ತೆಗೆದಿದೆ.

ಅಕ್ಷಾಂಶ
ಎತ್ತು ಏರಿಗೆ, ಕೋಣ ನೀರಿಗೆ. ಆ ಹಾಳೆ ಮಾಡಿದವರಿಗೆ ನಮಸ್ಕಾರ.

ಡ್ರೋನ್_ನಕ್ಷೆ
ಸಮಯಪಾಲಕರೇ, ಧನ್ಯವಾದ. ವಾರದ ಏಳು ದಿನಗಳಲ್ಲಿ ಭಾನುವಾರ ಬೆಳಗಿನ ಜಾವದ ಐದೂವರೆ ಗಂಟೆ ಮಾತ್ರ ವಾರದ ಸಂಖ್ಯೆ ತಪ್ಪು ಬರುತ್ತದೆ, ಉಳಿದಂತೆ ಸರಿ ಕಾಣಿಸುತ್ತದೆ ಎಂದಾಯಿತು. ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದುದು ಅದಕ್ಕೇ. ಲೆಕ್ಕವನ್ನು ಹಂತ ಹಂತವಾಗಿ ಬರೆದುಕೊಡುತ್ತೀರಾ? ಹಾಳೆಯನ್ನು ಹೊಸದಾಗಿಯೇ ಕಟ್ಟುತ್ತೇನೆ.

ಸಮಯಪಾಲಕ
ಸ್ಥಳೀಯ ಸಮಯವನ್ನು ಮೊದಲು ಯುಟಿಸಿಗೆ ಒಯ್ಯಿರಿ. ಅದಾಗುವವರೆಗೆ ವಾರ, ದಿನ ಯಾವುದನ್ನೂ ಮುಟ್ಟಬೇಡಿ. ಮಾರ್ಚ್ 9ರ ಪರಿಷ್ಕೃತ ಜೂಲಿಯನ್ ದಿನ (ದಿನಗಳನ್ನು ಒಂದೇ ಸರಣಿಯಲ್ಲಿ ಎಣಿಸುವ ಸಂಖ್ಯೆ) 60378. ಜಿಪಿಎಸ್ ಆರಂಭದ ದಿನ 44244. ವ್ಯತ್ಯಾಸ 16134 ದಿನ. ಅದನ್ನು ಏಳರಿಂದ ಭಾಗಿಸಿದರೆ 2304, ಶೇಷ 6. ಭಾನುವಾರ ಸೊನ್ನೆಯಾದರೆ ಶನಿವಾರ ಆರು, ತಾಳೆಯಾಯಿತು. 6 × 86400 = 518400. ಅದಕ್ಕೆ 20 ಗಂಟೆ 45 ನಿಮಿಷದ 74700 ಕೂಡಿಸಿದರೆ 593100. ಮೇಲೆ 18 ಹಾಕಿದರೆ ನಿಮ್ಮ ರಿಸೀವರ್ ಹೇಳಿದ 593118.

ಸೊನ್ನೆಯಿಂದ_ಎಣಿಸು
ಲೆಕ್ಕ ಸರಿ, ಆದರೆ ಕ್ರಮಕ್ಕೆ ನನ್ನ ತಕರಾರಿದೆ. 18ನ್ನು ಕೊನೆಯಲ್ಲಿ ಹಾಕಬಾರದು, ಭಾಗಿಸುವ ಮೊದಲೇ ಹಾಕಬೇಕು. ಶನಿವಾರ ಯುಟಿಸಿ 23:59:42ಕ್ಕೆ ಜಿಪಿಎಸ್‌ನಲ್ಲಿ ಹೊಸ ವಾರ ಶುರುವಾಗಿರುತ್ತದೆ. ನೀವು ಹೇಳಿದ ಕ್ರಮದಲ್ಲಿ ಹೋದರೆ ಆ ಕ್ಷಣಕ್ಕೆ ಹಳೆಯ ವಾರ, ಸೆಕೆಂಡ್ 604800 ಎಂದು ಬರುತ್ತದೆ. ಅಂಥ ಸೆಕೆಂಡೇ ಇಲ್ಲ. ವಾರದ ಕೊನೆಯ ಸೆಕೆಂಡ್ 604799. ಒಂದು ತಂತ್ರಾಂಶ ಅದನ್ನು ನುಂಗಿಕೊಳ್ಳುತ್ತದೆ, ಇನ್ನೊಂದು ಸಾಲನ್ನೇ ಎಸೆಯುತ್ತದೆ.

ಸಮಯಪಾಲಕ
ಒಪ್ಪಿದೆ. ಕಾಗದದ ಮೇಲೆ ತೋರಿಸಲು ಹಾಗೆ ಬರೆದೆ. ಹಾಳೆಯಲ್ಲಿ ಒಟ್ಟು ಸೆಕೆಂಡ್ ತೆಗೆದು, 18 ಕೂಡಿಸಿ, ಆಮೇಲೆ 604800ರಿಂದ ಭಾಗಿಸಿ: ಭಾಗಲಬ್ಧ ವಾರ, ಶೇಷ ವಾರದ ಸೆಕೆಂಡ್.

ಕೋಷ್ಟಕ_ಪ್ರೇಮಿ
ಎಕ್ಸೆಲ್‌ನಲ್ಲಿ 1980ರ ಜನವರಿ 6ರ ಕ್ರಮಸಂಖ್ಯೆ 29226. ಹಾಗಾಗಿ (ಯುಟಿಸಿ − 29226) × 86400 + 18. ಮುಗಿಯಿತು. ಆದರೆ ಎಕ್ಸೆಲ್ ದಿನವನ್ನು ದಶಮಾಂಶವಾಗಿ ಇಟ್ಟುಕೊಳ್ಳುವುದರಿಂದ ಕೆಲವೊಮ್ಮೆ 593117.9999 ಎಂದು ಬರುತ್ತದೆ. ಮೊದಲು ಮಿಲಿಸೆಕೆಂಡಿಗೆ ದುಂಡಾಗಿಸಿ, ಆಮೇಲೆ ಭಾಗಿಸಿ. ಹಳೆಯ ಮ್ಯಾಕ್‌ನಲ್ಲಿ ಹುಟ್ಟಿದ ಕಡತವಾದರೆ ದಿನಗಳ ಎಣಿಕೆ 1904ರಿಂದ ಇರಬಹುದು. ಆಗ 29226 ಅಲ್ಲ, 27764. ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ.

ಕೋಡು_ಕೋಟಲೆ
ಇಷ್ಟೆಲ್ಲ ಏಕೆ? ಯುನಿಕ್ಸ್ ಸಮಯ (1970ರಿಂದ ಎಣಿಸಿದ ಸೆಕೆಂಡ್) ತೆಗೆದುಕೊಳ್ಳಿ, 315964800 ಕಳೆಯಿರಿ, 18 ಕೂಡಿಸಿ. ಒಂದೇ ಸಾಲು. 2017ರ ಜನವರಿಯಿಂದ 18 ಬದಲಾಗಿಲ್ಲ, 18 ಎಂದೇ ಬರೆದುಬಿಡಿ.

ಕಕ್ಷೆಗಾರ
ಕೋಟಲೆಯವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ. ಅದೇ ಸಾಲಿಗೆ 2014ರ ಜುಲೈನ ಹಳೆಯ ದತ್ತಾಂಶ ಕೊಟ್ಟು ನೋಡಿ. ಆಗ ಇದ್ದ ವ್ಯತ್ಯಾಸ 16. 2010ರದ್ದಾದರೆ 15. 2000ದಿಂದ 2005ರವರೆಗಿನದ್ದಾದರೆ 13. ಹಳೆಯ ಸಮೀಕ್ಷೆಯ ಜೊತೆ ಹೊಸದನ್ನು ಹೋಲಿಸಬೇಕಾದವರು ಏನು ಮಾಡಬೇಕು? ಕೋಷ್ಟಕ ಇಟ್ಟುಕೊಳ್ಳಲೇಬೇಕು. 18 ಸಾಲುಗಳ ಕೋಷ್ಟಕಕ್ಕೆ ಸೋಮಾರಿತನವೇ?

ಕೋಡು_ಕೋಟಲೆ
ಅವರು ಕೇಳಿದ್ದು 2024ರದ್ದು. ಇಲ್ಲದ ಸಮಸ್ಯೆಗೆ ಮದ್ದು ಅರೆಯುವುದು ಬೇಡ ಎಂದೆ ಅಷ್ಟೆ. ಅಲ್ಲದೆ 2022ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವೇ, ಭೂಮಿಯ ತಿರುಗುವಿಕೆಗೂ ಯುಟಿಸಿಗೂ ಇರಬಹುದಾದ ಅಂತರದ ಮಿತಿಯನ್ನು 2035ರೊಳಗೆ ಹೆಚ್ಚಿಸಬೇಕು ಎಂದು ನಿರ್ಣಯ ಮಾಡಿದೆ. ಲೀಪ್ ಸೆಕೆಂಡ್ ಕಾಟವೇ ತೊಲಗುತ್ತಿದೆ.

ಕಕ್ಷೆಗಾರ
2035ರೊಳಗೆ ಎಂದರೆ ಇವತ್ತಲ್ಲ. ಅಲ್ಲಿಯವರೆಗೆ ಒಂದು ಬರಲಿ, ಬಾರದಿರಲಿ, ಘೋಷಿಸುವವರು ಭೂಮಿಯ ತಿರುಗುವಿಕೆಯನ್ನು ಗಮನಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಆರ್‌ಎಸ್‌ನವರು. ವರ್ಷಕ್ಕೆ ಎರಡು ಬಾರಿ ಬುಲೆಟಿನ್ ಸಿ ಎಂಬ ಪ್ರಕಟಣೆ ಹೊರಡಿಸುತ್ತಾರೆ, ಅದನ್ನು ನೋಡಿ ಕೋಷ್ಟಕ ತಿದ್ದುವುದು ನಮ್ಮ ಕೆಲಸ. ನಾವೇ ಊಹೆ ಮಾಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಜಿಪಿಎಸ್‌ಡಿ ತಂತ್ರಾಂಶದ 2021ರ ಪ್ರಸಂಗ ಓದಿ.

ಅಕ್ಷಾಂಶ
ಏನದು? ಹೇಳಿಬಿಡಿ, ಹುಡುಕುವ ಕೆಲಸ ಉಳಿಯುತ್ತದೆ.

ಕಕ್ಷೆಗಾರ
ಲಿನಕ್ಸ್ ಯಂತ್ರಗಳಲ್ಲಿ ರಿಸೀವರ್‌ನಿಂದ ಸಮಯ, ಸ್ಥಾನ ಓದಿಕೊಡುವ ತಂತ್ರಾಂಶ ಅದು. ಅದರ 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿ ಒಂದು ಪರೀಕ್ಷೆ ಹಾಕಿದ್ದರು. ವಾರ 2180 ದಾಟುವ ಹೊತ್ತಿಗೆ ಲೀಪ್ ಸೆಕೆಂಡ್ 19 ಆಗಿರುತ್ತದೆ ಎಂಬ ಊಹೆ. ವಾರ 2180ಕ್ಕಿಂತ ಹೆಚ್ಚು, ಲೀಪ್ ಸೆಕೆಂಡ್ ಮಾತ್ರ ಇನ್ನೂ 19ಕ್ಕಿಂತ ಕಡಿಮೆ ಎಂದು ಕಂಡರೆ ವಾರದ ಸಂಖ್ಯೆಯೇ ತಪ್ಪು ಎಂದು ತೀರ್ಮಾನಿಸಿ 1024 ವಾರ ಕಳೆದುಬಿಡುತ್ತಿತ್ತು. ಭೂಮಿ ಅವರ ಊಹೆಯಂತೆ ನಿಧಾನವಾಗಲಿಲ್ಲ, 19ನೆಯದು ಬರಲೇ ಇಲ್ಲ. 2021ರ ಅಕ್ಟೋಬರ್ 24ಕ್ಕೆ ವಾರ 2181 ಶುರುವಾಯಿತು. ಆ ಆವೃತ್ತಿ ಓಡುತ್ತಿದ್ದ ಯಂತ್ರಗಳಿಗೆ 2002ರ ಮಾರ್ಚ್ ಬಂದಿತು. ದೋಷವನ್ನು ಮೊದಲೇ ಗುರುತಿಸಿ 3.23ರಲ್ಲಿ ಸರಿಪಡಿಸಿದ್ದರಿಂದ ಹಲವರು ಬಚಾವಾದರು.

ಕೋಡು_ಕೋಟಲೆ
ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. ಸುಮ್ಮನೆ 18 ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ!

ಕಕ್ಷೆಗಾರ
ಆಯಿತು, ಈ ಸುತ್ತು ನಿಮಗೆ.

ಹಳೆಯ_ಆಂಟೆನಾ
1024 ವಾರದ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆಯ ಸಂಕೇತ ವಿನ್ಯಾಸದಲ್ಲಿ ಉಪಗ್ರಹ ವಾರದ ಸಂಖ್ಯೆಗೆ ಕೊಡುವುದು ಹತ್ತೇ ಬಿಟ್. ಅಂದರೆ 0ಯಿಂದ 1023. ಆಕಾಶದಿಂದ ಬರುವುದು 2304 ಅಲ್ಲ, 256. ಅದಕ್ಕೆ 2048 ಕೂಡಿಸಬೇಕು ಎಂದು ನಿರ್ಧರಿಸುವುದು ರಿಸೀವರ್. ಎಣಿಕೆ ಮೊದಲ ಬಾರಿ ಸೊನ್ನೆಗೆ ಮರಳಿದ್ದು 1999ರ ಆಗಸ್ಟ್ 21–22ರ ಮಧ್ಯರಾತ್ರಿ, ಎರಡನೆಯದು 2019ರ ಏಪ್ರಿಲ್ 6–7. ಮುಂದಿನದು 2038ರ ನವೆಂಬರ್ 20–21.

ಆದರೆ ರಿಸೀವರ್ ಕೆಡುವುದು ಆ ದಿನವೇ ಎಂದೇನೂ ಇಲ್ಲ. ತಯಾರಕರು ತಂತ್ರಾಂಶ ಕಟ್ಟಿದ ದಿನವನ್ನು ಆಧಾರವಾಗಿ ಇಟ್ಟುಕೊಂಡು ಅಲ್ಲಿಂದ 1024 ವಾರ ಸರಿಯಾಗಿ ಲೆಕ್ಕ ಹಾಕುವಂತೆ ಮಾಡಿರುತ್ತಾರೆ. ಆ ಅವಧಿ ಯಾವತ್ತೋ ಒಂದು ದಿನ, ಯಾವ ಸದ್ದೂ ಇಲ್ಲದೆ ತೀರುತ್ತದೆ. ನನ್ನ ಬಳಿ ಇರುವ ಒಂದು ಹಳೆಯ ಪೆಟ್ಟಿಗೆ ಸ್ಥಾನವನ್ನು ಇಂದಿಗೂ ಸರಿಯಾಗಿಯೇ ಹೇಳುತ್ತದೆ. ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು. 7168 ದಿನ ಕೂಡಿಸಿಕೊಂಡು ಬಳಸುತ್ತೇನೆ.

ಸೊನ್ನೆಯಿಂದ_ಎಣಿಸು
ಹೊಸ ಸಂದೇಶ ವಿನ್ಯಾಸದಲ್ಲಿ 13 ಬಿಟ್ ಇದೆ, 8192 ವಾರ. ಸುಮಾರು 157 ವರ್ಷ. ನಮ್ಮ ಮೊಮ್ಮಕ್ಕಳಿಗೆ ಬಿಟ್ಟ ಚಿಂತೆ.

ಅಕ್ಷಾಂಶ
2038ರ ಜನವರಿ 19ಕ್ಕೆ 32 ಬಿಟ್‌ನ ಯುನಿಕ್ಸ್ ಸಮಯವೂ ತುಂಬಿ ಚೆಲ್ಲುತ್ತದೆ. ಅದೇ ವರ್ಷ ನವೆಂಬರಿನಲ್ಲಿ ಇದು. ಆ ವರ್ಷ ರಜೆ ಹಾಕಿಬಿಡುವುದು ಒಳ್ಳೆಯದು.

ಬಿಂದುಮೋಡ
ಡ್ರೋನ್_ನಕ್ಷೆಯವರು ಮುಂದೆ ಲೇಸರಿನಿಂದ ದೂರ ಅಳೆಯುವ ಲೈಡಾರ್‌ಗೂ ಕೈ ಹಾಕುವವರಾದರೆ ಇದನ್ನು ತಿಳಿದಿರಲಿ. ಲೈಡಾರ್ ಬಿಂದುಗಳನ್ನು ಇಡುವ ಲಾಸ್ ಕಡತಗಳಲ್ಲಿ ಜಿಪಿಎಸ್ ಸಮಯ ಎರಡು ವೇಷದಲ್ಲಿ ಬರುತ್ತದೆ. ಒಂದರಲ್ಲಿ ಬರೀ ವಾರದ ಸೆಕೆಂಡ್, ಯಾವ ವಾರ ಎಂಬುದು ಕಡತದ ಬಿಂದುಗಳಲ್ಲಿ ಇರುವುದೇ ಇಲ್ಲ. ಇನ್ನೊಂದರಲ್ಲಿ 1980ರಿಂದ ಎಣಿಸಿದ ಒಟ್ಟು ಸೆಕೆಂಡಿನಿಂದ ನೂರು ಕೋಟಿ ಕಳೆದ ಸಂಖ್ಯೆ. ನಿಮ್ಮ ಉದಾಹರಣೆಯ ಕ್ಷಣಕ್ಕೆ ಒಟ್ಟು 1394052318, ಕಡತದಲ್ಲಿ ಕಾಣುವುದು 394052318. ಯಾವುದು ಎಂಬುದನ್ನು ತಲೆಬರಹದ ಒಂದು ಬಿಟ್ ಹೇಳುತ್ತದೆ. ಆ ಬಿಟ್ಟನ್ನು ತಪ್ಪಾಗಿ ಇಟ್ಟ ಕಡತಗಳನ್ನೂ ಕಂಡಿದ್ದೇನೆ. ಸಂಖ್ಯೆ 604800ಕ್ಕಿಂತ ದೊಡ್ಡದಾಗಿದ್ದರೆ ವಾರದ ಸೆಕೆಂಡ್ ಅಲ್ಲ, ಅಷ್ಟು ನೋಡಿದರೆ ಸಾಕು.

ಡ್ರೋನ್_ನಕ್ಷೆ
ನೂರು ಕೋಟಿ ಕಳೆಯುವುದೇಕೆ?

ಬಿಂದುಮೋಡ
ಸಂಖ್ಯೆ ಚಿಕ್ಕದಾದಷ್ಟೂ ದಶಮಾಂಶದ ನಂತರ ಹೆಚ್ಚು ಜಾಗ ಉಳಿಯುತ್ತದೆ.

ಕಕ್ಷೆಗಾರ
ಇದು ಸಣ್ಣ ವಿಷಯ ಅಲ್ಲ. 1394052318 ಗಾತ್ರದ ಸಂಖ್ಯೆಯನ್ನು 64 ಬಿಟ್ ದಶಮಾಂಶ ರೂಪದಲ್ಲಿ ಇಟ್ಟರೆ ಎರಡು ಪಕ್ಕದ ಬೆಲೆಗಳ ನಡುವಿನ ಅಂತರ ಸುಮಾರು 0.24 ಮೈಕ್ರೋಸೆಕೆಂಡ್. ಚಿತ್ರಕ್ಕೆ, ಲೈಡಾರ್‌ಗೆ ಅದು ಧಾರಾಳ ಸಾಕು. ಆದರೆ ಅಷ್ಟು ಹೊತ್ತಿನಲ್ಲಿ ಬೆಳಕು 70 ಮೀಟರಿಗೂ ಹೆಚ್ಚು ಸಾಗುತ್ತದೆ. ಉಪಗ್ರಹದ ದೂರ ಲೆಕ್ಕ ಹಾಕುವವರು ಹೀಗೆ ಇಟ್ಟರೆ ಕೆಲಸ ಕೆಟ್ಟಂತೆಯೇ. ವಾರ ಬೇರೆ, ವಾರದ ಸೆಕೆಂಡ್ ಬೇರೆ ಎಂದು ಎರಡು ಸಂಖ್ಯೆಗಳಾಗಿ ಇಟ್ಟರೆ ಅಂತರ ಒಂದು ನ್ಯಾನೋಸೆಕೆಂಡಿನ ಎಂಟನೇ ಒಂದು ಭಾಗಕ್ಕೂ ಕಡಿಮೆಯಾಗುತ್ತದೆ. ಬೆಳಕಿನ ಲೆಕ್ಕದಲ್ಲಿ ಮೂರೂವರೆ ಸೆಂಟಿಮೀಟರ್. ಅದೂ ಸಾಲದವರು ಪೂರ್ಣಾಂಕ ಸೆಕೆಂಡನ್ನೂ ಭಿನ್ನರಾಶಿಯನ್ನೂ ಬೇರ್ಪಡಿಸುತ್ತಾರೆ.

ಮೂಲದತ್ತ
ರಿಸೀವರಿನ ವೀಕ್ಷಣೆಗಳನ್ನು ಇಡುವ ರೈನೆಕ್ಸ್ ಕಡತದ ಬಗ್ಗೆ ಯಾರೂ ಎಚ್ಚರಿಸಿಲ್ಲವಲ್ಲ! ಅದರೊಳಗೆ 2024 03 09 20 45 18 ಎಂದು ಅಚ್ಚುಕಟ್ಟಾಗಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಇರುತ್ತದೆ. ನೋಡಿದವರೆಲ್ಲ ಯುಟಿಸಿ ಎಂದುಕೊಳ್ಳುತ್ತಾರೆ. ಜಿಪಿಎಸ್ ವೀಕ್ಷಣಾ ಕಡತದಲ್ಲಿ ಅದು ಜಿಪಿಎಸ್ ಸಮಯ, ಕ್ಯಾಲೆಂಡರಿನ ಉಡುಪಿನಲ್ಲಿ. ಅದಕ್ಕೆ ಮತ್ತೆ 18 ಕೂಡಿಸಿದರೆ ಯುಟಿಸಿಯಿಂದ 36 ಸೆಕೆಂಡ್ ದೂರ ಹೋಗುತ್ತೀರಿ. ತದ್ವಿರುದ್ಧವಾಗಿ ರಿಸೀವರ್ ಬೇರೆ ಸಾಧನಗಳಿಗೆ ಸ್ಥಾನ, ಸಮಯ ಹೇಳಲು ಬಳಸುವ ಎನ್‌ಎಂಇಎ ಸಾಲುಗಳಲ್ಲಿ ಕಳಿಸುವುದು ಯುಟಿಸಿ. ಒಂದೇ ಪೆಟ್ಟಿಗೆ, ಒಂದೇ ಕ್ಷಣ, ಎರಡು ಕಡತ, ಎರಡು ಕಾಲಮಾನ.

ಉಪಗ್ರಹಗಳ ಕಕ್ಷೆಯ ಕಡತ ಹುಡುಕುವವರಿಗೆ ಇನ್ನೊಂದು ಮಾತು. ಅವನ್ನು ಪ್ರಕಟಿಸುವ ಅಂತರರಾಷ್ಟ್ರೀಯ ಸೇವೆಯಾದ ಐಜಿಎಸ್‌ನ ಹಳೆಯ ಹೆಸರುಗಳಲ್ಲಿ ವಾರ ಮತ್ತು ದಿನ ಅಂಟಿಕೊಂಡಿರುತ್ತವೆ: 23046 ಎಂದರೆ ವಾರ 2304, ದಿನ 6. ಹೊಸ ಉದ್ದ ಹೆಸರುಗಳಲ್ಲಿ ವರ್ಷ ಮತ್ತು ವರ್ಷದ ದಿನ: 2024, 069. ಅಧಿಕ ವರ್ಷವಾದ್ದರಿಂದ ಮಾರ್ಚ್ 9 ವರ್ಷದ 69ನೆಯ ದಿನ.

ಡ್ರೋನ್_ನಕ್ಷೆ
ನಮ್ಮ ರಿಸೀವರ್ ಜಿಪಿಎಸ್ ಜೊತೆ ಗ್ಲೋನಾಸ್, ಗೆಲಿಲಿಯೋ, ಬೈಡೂ, ನಾವಿಕ್ ಎಂಬ ಇತರ ಉಪಗ್ರಹ ಸ್ಥಾನ ವ್ಯವಸ್ಥೆಗಳೆಲ್ಲವನ್ನೂ ಹಿಡಿಯುತ್ತದೆ. ಎಲ್ಲಕ್ಕೂ ಇದೇ ಲೆಕ್ಕವೇ?

ಕಕ್ಷೆಗಾರ
ಎಲ್ಲರದ್ದೂ ಒಂದೇ ಆಗಿದ್ದರೆ ನಮಗೆ ಇಲ್ಲಿ ಏನು ಕೆಲಸ?

ಗೆಲಿಲಿಯೋ ಎಣಿಕೆ ಶುರುವಾದದ್ದು 1999ರ ಆಗಸ್ಟ್ 22ಕ್ಕೆ. ಆಗಲೇ ಯುಟಿಸಿಗಿಂತ 13 ಸೆಕೆಂಡ್ ಮುಂದಿಟ್ಟು ಶುರು ಮಾಡಿದ್ದರಿಂದ ಸೆಕೆಂಡ್ ಜಿಪಿಎಸ್‌ನೊಂದಿಗೆ ಹೊಂದುತ್ತದೆ. ನ್ಯಾನೋಸೆಕೆಂಡ್‌ಗಳ ಸಣ್ಣ ವ್ಯತ್ಯಾಸವನ್ನು ಸಂದೇಶದಲ್ಲೇ ಕೊಡುತ್ತಾರೆ. ವಾರ ಮಾತ್ರ 1024 ಕಡಿಮೆ: 2304 ಅಲ್ಲಿ 1280. ನಾವಿಕ್‌ನ ಆರಂಭವೂ ಅದೇ ದಿನ, ಅದೇ 13 ಸೆಕೆಂಡ್. ಬೈಡೂ 2006ರ ಜನವರಿ 1ರಿಂದ, ಆ ದಿನದ ಯುಟಿಸಿಗೆ ಸರಿಯಾಗಿ ಶುರುವಾದದ್ದರಿಂದ ಜಿಪಿಎಸ್‌ಗಿಂತ ಯಾವಾಗಲೂ 14 ಸೆಕೆಂಡ್ ಹಿಂದೆ, ವಾರ 1356 ಕಡಿಮೆ. ನಿಮ್ಮ ಕ್ಷಣ ಬೈಡೂವಿನಲ್ಲಿ ವಾರ 948, ಸೆಕೆಂಡ್ 593104.

ಗ್ಲೋನಾಸ್ ಬೇರೆಯೇ ದಾರಿ. ವಾರವೇ ಇಲ್ಲ. 1996ರಿಂದ ನಾಲ್ಕು ನಾಲ್ಕು ವರ್ಷದ ಕಂತು, ಅದರೊಳಗೆ ದಿನದ ಸಂಖ್ಯೆ. ಸಮಯ ಯುಟಿಸಿಗಿಂತ ಮೂರು ಗಂಟೆ ಮುಂದೆ, ಮತ್ತು ಲೀಪ್ ಸೆಕೆಂಡನ್ನೂ ಅನುಸರಿಸುತ್ತದೆ.

ಅಕ್ಷಾಂಶ
ಹಾಗಾದರೆ ಗ್ಲೋನಾಸ್‌ನವರೇ ಜಾಣರು. ಯುಟಿಸಿ ಜೊತೆಗೇ ನಡೆದರೆ ಈ 18ರ ಗಲಾಟೆಯೇ ಇಲ್ಲ.

ಕಕ್ಷೆಗಾರ
ಲೀಪ್ ಸೆಕೆಂಡ್ ಬರುವ ರಾತ್ರಿ ಅವರನ್ನು ಕೇಳಿ. ಇಡೀ ವ್ಯವಸ್ಥೆಯ ಗಡಿಯಾರ ಒಂದು ಸೆಕೆಂಡ್ ನಿಲ್ಲಬೇಕು, ಅದನ್ನು ಓದುವ ಪ್ರತಿ ರಿಸೀವರೂ ಅದೇ ಕ್ಷಣಕ್ಕೆ ಹೊಂದಿಕೊಳ್ಳಬೇಕು. ಉಪಗ್ರಹ ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಮೀಟರ್ ಓಡುತ್ತಿರುತ್ತದೆ. ದೂರ ಅಳೆಯುವ ಗಡಿಯಾರಕ್ಕೆ ನಿರಂತರತೆಯೇ ಮುಖ್ಯ. ಜನರಿಗೆ ತೋರಿಸುವಾಗ 18 ಕಳೆದರೆ ಆಯಿತು.

ಹಳೆಯ_ಆಂಟೆನಾ
ಆ 18 ರಿಸೀವರ್‌ಗೆ ತಿಳಿಯುವುದೂ ಆಕಾಶದಿಂದಲೇ ಎಂಬುದನ್ನು ಮರೆಯಬೇಡಿ. ಹಳೆಯ ಜಿಪಿಎಸ್ ಸಂದೇಶ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಯುಟಿಸಿ ವಿವರ ಅದರಲ್ಲಿ ಒಂದೇ ಪುಟದಲ್ಲಿದೆ. ಬಹಳ ದಿನ ಆರಿಸಿಟ್ಟ ರಿಸೀವರನ್ನು ಹಚ್ಚಿದರೆ ಆ ಪುಟ ಬರುವವರೆಗೆ ಅದು ತನ್ನೊಳಗೆ ಬರೆದಿಟ್ಟ ಹಳೆಯ ಬೆಲೆಯನ್ನೇ ಬಳಸುತ್ತದೆ. ಮೊದಲ ಕೆಲವು ನಿಮಿಷ ಎನ್‌ಎಂಇಎ ಸಮಯ ಎರಡು ಮೂರು ಸೆಕೆಂಡ್ ಆಚೀಚೆ ಇದ್ದು, ಆಮೇಲೆ ತಟ್ಟನೆ ಜಿಗಿಯುತ್ತದೆ. ದಾಖಲೆ ಶುರು ಮಾಡುವ ಮುನ್ನ ಕಾಲು ಗಂಟೆ ಸುಮ್ಮನೆ ಬಿಡಿ.

ವಲಯ_ವಿಚಾರ
ಸ್ಥಳೀಯ ಸಮಯದ ಭಾಗವನ್ನು ಎಲ್ಲರೂ ಒಂದು ಕಳೆಯುವ ಲೆಕ್ಕ ಎಂದು ದಾಟಿಬಿಟ್ಟಿರಿ. ನಿಜವಾದ ಹೊಂಡ ಅಲ್ಲೇ ಇದೆ. ಬೇಸಿಗೆ ಸಮಯ ಪಾಲಿಸುವ ದೇಶಗಳಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವ ರಾತ್ರಿ ಒಂದು ಗಂಟೆ ಎರಡು ಸಲ ಬರುತ್ತದೆ. 01:30 ಎಂದು ಬರೆದಿದ್ದರೆ ಯಾವ 01:30? ಕಡತದಲ್ಲಿ ಯುಟಿಸಿ ಅಂತರವೂ ದಾಖಲಾಗಿರದಿದ್ದರೆ ದೇವರೇ ಹೇಳಬೇಕು. ಸಮೋವಾದಲ್ಲಿ 2011ರ ಡಿಸೆಂಬರ್ 30 ಎಂಬ ದಿನವೇ ಬರಲಿಲ್ಲ, ದಿನಾಂಕ ರೇಖೆಯ ಆಚೆಗೆ ಜಿಗಿದರು. ನೇಪಾಳ 1986ರಲ್ಲಿ ಐದೂವರೆಯಿಂದ ಐದೂಮುಕ್ಕಾಲಿಗೆ ಬಂದಿತು. ಲೀಪ್ ಸೆಕೆಂಡ್‌ಗೆ 18 ಸಾಲಿನ ಕೋಷ್ಟಕ ಸಾಕು. ಕಾಲವಲಯಗಳಿಗೆ ಇಡೀ ದತ್ತಸಂಚಯವೇ ಬೇಕು, ಅದೂ ವರ್ಷಕ್ಕೆ ಹಲವು ಬಾರಿ ಬದಲಾಗುತ್ತದೆ. ನಾನಂತೂ ಕ್ಯಾಮೆರಾದ ಗಡಿಯಾರವನ್ನೇ ಯುಟಿಸಿಗೆ ಇಟ್ಟುಬಿಡುತ್ತೇನೆ.

ಕೋಡು_ಕೋಟಲೆ
ಕೊನೆಗೂ ಈ ಎಳೆಯಲ್ಲಿ ಯಾರೋ ಕೆಲಸಕ್ಕೆ ಬರುವ ಮಾತು ಹೇಳಿದರು.

ಸೊನ್ನೆಯಿಂದ_ಎಣಿಸು
ವಿಷಯಾಂತರಕ್ಕೆ ಕ್ಷಮೆಯಿರಲಿ. ಜಿಪಿಎಸ್ ಗಡಿಯಾರ ಸಾಪೇಕ್ಷತೆಯಿಂದ ದಿನಕ್ಕೆ 38 ಮೈಕ್ರೋಸೆಕೆಂಡ್ ವೇಗವಾಗಿ ಓಡುತ್ತದಲ್ಲ, ಅದನ್ನೂ ಈ 18ರಲ್ಲಿ ಸೇರಿಸಿದ್ದಾರೆಯೇ? ಬೇರೊಂದು ಕಡೆ ಹಾಗೆ ಓದಿದೆ.

ಕಕ್ಷೆಗಾರ
ಇಲ್ಲ, ಎರಡಕ್ಕೂ ಸಂಬಂಧವಿಲ್ಲ. ಆ 38 ಮೈಕ್ರೋಸೆಕೆಂಡಿಗೆ ನೆಲದ ಮೇಲಿರುವಾಗಲೇ ಗಡಿಯಾರದ ಆವರ್ತನವನ್ನು 10.23 ಮೆಗಾಹರ್ಟ್ಸ್‌ಗಿಂತ ಕೂದಲೆಳೆಯಷ್ಟು ಕಡಿಮೆ ಇಟ್ಟು ಕಳಿಸುತ್ತಾರೆ. 18 ಎಂಬುದು ಶುದ್ಧ ಕ್ಯಾಲೆಂಡರಿನ ಲೆಕ್ಕ. ಬೇಕಾದರೆ ಪರಮಾಣು ಕಾಲದ (ಟಿಎಐ) ಮೂಲಕ ತಾಳೆ ನೋಡಿ: ಟಿಎಐ ಯುಟಿಸಿಗಿಂತ 37 ಮುಂದೆ, ಜಿಪಿಎಸ್‌ಗಿಂತ ಸದಾ 19 ಮುಂದೆ. 37ರಿಂದ 19 ಹೋದರೆ 18.

ಪೈಥಾನಿಗ
ಪೈಥಾನಿನ ಸಾಮಾನ್ಯ ದಿನಾಂಕ ಗ್ರಂಥಾಲಯಕ್ಕೆ ಲೀಪ್ ಸೆಕೆಂಡ್ ಎಂದರೇನೆಂದೇ ತಿಳಿಯದು. 23:59:60 ಕೊಟ್ಟರೆ ಸಿಡುಕುತ್ತದೆ. ಖಗೋಳ ಲೆಕ್ಕಗಳ ಗ್ರಂಥಾಲಯವಾದ ಆಸ್ಟ್ರೋಪೈಯಲ್ಲಿ ಜಿಪಿಎಸ್ ಎಂಬ ಸಮಯ ರೂಪವೇ ಇದೆ, ಕೋಷ್ಟಕವೂ ಒಳಗೇ ಇದೆ. ಎಕ್ಸೆಲ್ ಬಿಟ್ಟು ಅಲ್ಲಿಗೆ ಬನ್ನಿ.

ಕೋಷ್ಟಕ_ಪ್ರೇಮಿ
ಎಕ್ಸೆಲ್ ಬಿಡಿ ಎನ್ನುವವರು ಪ್ರತಿ ಎಳೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಕ್ಷೇತ್ರದಲ್ಲಿ ಕೆಲಸ ಮಾಡುವ ಹುಡುಗರಿಗೆ ಹಾಳೆ ತೆರೆದರೆ ಅರ್ಥವಾಗುತ್ತದೆ.

ಡ್ರೋನ್_ನಕ್ಷೆ
ಹಾಳೆಯನ್ನು ಮತ್ತೆ ಕಟ್ಟಿದೆ. ಮೊದಲ ಅಂಕಣ ಸ್ಥಳೀಯ ಸಮಯ, ಎರಡನೆಯದು ಯುಟಿಸಿ ಅಂತರ, ಮೂರನೆಯದು ಯುಟಿಸಿ. ಅಲ್ಲಿಂದ ಮುಂದಿನ ಯಾವ ಸೂತ್ರವೂ ಮೊದಲ ಅಂಕಣವನ್ನು ನೋಡುವುದಿಲ್ಲ. ಲೀಪ್ ಸೆಕೆಂಡ್ ಬೇರೆ ಪುಟದ ಕೋಷ್ಟಕದಿಂದ ಬರುತ್ತದೆ (ಕೋಟಲೆಯವರು ಮನ್ನಿಸಬೇಕು). ಉದಾಹರಣೆಯ ಸಾಲು 2304, 593118 ಎಂದು ಬಂದಿತು. ಶನಿವಾರ ಯುಟಿಸಿ 23:59:42ಕ್ಕೆ 2305, ಸೊನ್ನೆ. ಆದರೆ ಚಿತ್ರಗಳು ಈಗಲೂ ಪೂರ್ತಿ ಕೂರುತ್ತಿಲ್ಲ, ಕೆಲವು ಮೀಟರ್ ಹಿಂದೆ ಮುಂದೆ ಇವೆ. ಒಂದೇ ದಿಕ್ಕಿಗೂ ಇಲ್ಲ.

ಬಿಂದುಮೋಡ
ಅದು ಪರಿವರ್ತನೆಯ ದೋಷವಲ್ಲ. ಕ್ಯಾಮೆರಾ ಸಮಯವನ್ನು ಪೂರ್ಣ ಸೆಕೆಂಡಿಗೆ ಬರೆಯುತ್ತಿದ್ದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಷ್ಟು ಆಚೀಚೆ ಆಗಿಯೇ ಆಗುತ್ತದೆ. ಅದರ ಗಡಿಯಾರವೂ ದಿನಕ್ಕೆ ಒಂದಿಷ್ಟು ಜಾರುತ್ತದೆ. ಶಟರ್ ತೆರೆದಾಗ ಬರುವ ವಿದ್ಯುತ್ ಸಂಕೇತವನ್ನು ಡ್ರೋನ್ ಮೇಲಿನ ರಿಸೀವರ್‌ನ ಈವೆಂಟ್ ಪಿನ್‌ಗೆ ಕೊಡಿ, ಆಗ ಸಮಯವನ್ನು ರಿಸೀವರೇ ಬರೆದುಕೊಳ್ಳುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಫ್ಲ್ಯಾಷ್ ಹಾಕುವ ಹಾಟ್ ಶೂ ಇದೆಯೇ?

ಡ್ರೋನ್_ನಕ್ಷೆ
ಹಗಲಿನ ಕ್ಯಾಮೆರಾದಲ್ಲಿದೆ. ಉಷ್ಣ ಕ್ಯಾಮೆರಾದಲ್ಲಿ ಇಲ್ಲ.

ಬಿಂದುಮೋಡ
ಹಗಲಿನದಕ್ಕೆ ಇವತ್ತೇ ಮಾಡಿಬಿಡಿ. ಉಷ್ಣ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಹೊರಗಿನಿಂದ ಚಿತ್ರ ತೆಗೆಯಲು ಸಂಕೇತ ಕೊಡುವ ತಂತಿ ಇರುತ್ತದೆ. ಆ ಸಂಕೇತವನ್ನೇ ಎರಡಾಗಿ ಒಡೆದು ಒಂದನ್ನು ರಿಸೀವರ್‌ಗೆ ಕೊಡಬಹುದು. ಮಾದರಿಯ ಕೈಪಿಡಿಯಲ್ಲಿ ಪಿನ್‌ಗಳ ಚಿತ್ರ ಇದ್ದರೆ ಇಲ್ಲಿ ಹಾಕಿ, ನೋಡೋಣ.